ಕಪ್ಪಾದ ಬೆಳ್ಳಿ ಕಳೆದುಹೋದ ಬೆಳ್ಳಿಯಲ್ಲ

ದಾವಣಗೆರೆಯ ಓದುಗರೊಬ್ಬರ ಪ್ರಶ್ನೆ: "ಸರ್, ನಮ್ಮ ಅಜ್ಜಿಯ ಕಾಲದ ಬೆಳ್ಳಿ ಊಟದ ತಟ್ಟೆಯನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಆರು ವರ್ಷ ಬೀರುವಿನಲ್ಲಿ ಇಟ್ಟಿದ್ದೆ. ಮಗನ ಮದುವೆಗೆಂದು ತೆಗೆದರೆ ಪೂರ್ತಿ ಕಪ್ಪು. ರಬ್ಬರ್ ಬ್ಯಾಂಡ್ ಇದ್ದ ಜಾಗದಲ್ಲಂತೂ ಬರೆ ಎಳೆದ ಹಾಗಿತ್ತು. ಪಾಲಿಶ್‌ಗೆ ಕೊಟ್ಟೆ. ಕೊಡುವಾಗ 412 ಗ್ರಾಂ ಇದ್ದದ್ದು ವಾಪಸು ಬಂದಾಗ 403 ಗ್ರಾಂ. ಕೇಳಿದರೆ 'ಕಪ್ಪಾಗಿತ್ತಲ್ಲಮ್ಮ, ಆ ಬೆಳ್ಳಿ ಸತ್ತುಹೋಗಿತ್ತು, ಅದೇ ಹೋಗಿದ್ದು' ಅಂದರು. ಇದು ನಿಜವೇ? ನಿಜವಾದ ಬೆಳ್ಳಿ ಕಪ್ಪಾಗುತ್ತದೆಯೇ? ಬಂಗಾರ ಯಾಕೆ ಹೀಗಾಗುವುದಿಲ್ಲ? ಮನೆಯಲ್ಲೇ ತೊಳೆಯುವ ದಾರಿ ಇದ್ದರೆ ತಿಳಿಸಿ."

ಅಮ್ಮ, ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಬರೀ ಕಪ್ಪಾದ ಕಾರಣಕ್ಕೆ ನಿಮ್ಮ ತಟ್ಟೆಯ ತೂಕ ಒಂಬತ್ತು ಗ್ರಾಂ ಇಳಿಯಲು ಸಾಧ್ಯವಿಲ್ಲ. ಹಾಗೆ ನೋಡಿದರೆ ಕಪ್ಪಾದ ಬೆಳ್ಳಿಯ ತೂಕ ಕೂದಲೆಳೆಯಷ್ಟು ಹೆಚ್ಚಾಗಿರುತ್ತದೆ. ಕಪ್ಪಾಗುವುದೆಂದರೆ ಬೆಳ್ಳಿ ಎಲ್ಲಿಗೋ ಹೋಗುವುದಲ್ಲ, ಗಾಳಿಯಲ್ಲಿದ್ದ ಗಂಧಕ ಬಂದು ಬೆಳ್ಳಿಗೆ ಅಂಟಿಕೊಳ್ಳುವುದು. ಬೆಳ್ಳಿ ಅಲ್ಲೇ ಇರುತ್ತದೆ.

ಲೆಕ್ಕ ಹಾಕಿ ನೋಡೋಣ. ನಿಮ್ಮದು 25 ಸೆಂಟಿಮೀಟರ್ ಅಗಲದ ತಟ್ಟೆ ಎಂದು ಹಿಡಿಯೋಣ. ಮೇಲೂ ಕೆಳಗೂ ಸೇರಿ ಅದರ ಮೈ ಸುಮಾರು 980 ಚದರ ಸೆಂಟಿಮೀಟರ್. ಕಣ್ಣಿಗೆ ಚೆನ್ನಾಗಿ ಕಪ್ಪು ಕಾಣಲು ಒಂದು ಮೈಕ್ರಾನಿನ ಹತ್ತನೇ ಒಂದು ಭಾಗ ದಪ್ಪದ ಪದರ ಸಾಕು. ತಲೆಗೂದಲೇ ಎಪ್ಪತ್ತು ಮೈಕ್ರಾನ್ ಆಸುಪಾಸು ಇರುತ್ತದೆ ಅಂದರೆ ಇದೆಷ್ಟು ತೆಳು ಎಂದು ನೀವೇ ಊಹಿಸಿ. ಆ ಕಪ್ಪು ಪದಾರ್ಥದ ಹೆಸರು ಸಿಲ್ವರ್ ಸಲ್ಫೈಡ್. ಎರಡು ಬೆಳ್ಳಿ ಪರಮಾಣುವಿಗೆ ಒಂದು ಗಂಧಕದ ಪರಮಾಣು ಸೇರಿ ಆದದ್ದು; ತೂಕದಲ್ಲಿ ಅದರ ನೂರಕ್ಕೆ 87 ಪಾಲು ಬೆಳ್ಳಿಯೇ. ತಟ್ಟೆಯ ಮೈಮೇಲೆಲ್ಲ ಹರಡಿದ ಅಷ್ಟೂ ಕಪ್ಪನ್ನು ಒಟ್ಟುಮಾಡಿದರೆ 70 ಮಿಲಿಗ್ರಾಂ ಆದೀತು, ಅದರೊಳಗಿನ ಬೆಳ್ಳಿ 60 ಮಿಲಿಗ್ರಾಂ. ಆರು ವರ್ಷದ ಕಪ್ಪು ಇದಕ್ಕಿಂತ ಐದು ಪಟ್ಟು ದಪ್ಪವಿತ್ತು ಎಂದೇ ಇಟ್ಟುಕೊಂಡರೂ ಒಂದು ಗ್ರಾಮಿನ ಮೂರನೇ ಒಂದು ಭಾಗ ದಾಟುವುದಿಲ್ಲ. ಒಂಬತ್ತು ಗ್ರಾಂ ಬೆಳ್ಳಿ ಸಲ್ಫೈಡ್ ಆಗಿದ್ದರೆ ಪದರ 14–15 ಮೈಕ್ರಾನ್ ದಪ್ಪವಾಗಿ ಹಕ್ಕಳೆಯ ಹಾಗೆ ಎದ್ದು ಉದುರುತ್ತಿತ್ತು, ಕಪ್ಪು ಬಣ್ಣ ಅಷ್ಟೇ ಆಗಿ ಉಳಿಯುತ್ತಿರಲಿಲ್ಲ.

ಹಾಗಾದರೆ ಆ ಒಂಬತ್ತು ಗ್ರಾಂ ಎಲ್ಲಿ ಹೋಯಿತು? ಅಂಚಿನ ಮಡಿಕೆಯಲ್ಲಿ, ಹೂವಿನ ಕೆತ್ತನೆಯಲ್ಲಿ ಹಳೆಯ ಕೊಳೆ, ತೊಳೆಯುವ ಪುಡಿ ಕೂತಿದ್ದರೆ ಒಂದಿಷ್ಟು ಅದರ ತೂಕವಿರಬಹುದು. ಮಿಕ್ಕದ್ದು ಬೆಳ್ಳಿಯೇ. ಬಫಿಂಗ್ ಚಕ್ರಕ್ಕೆ ಒತ್ತಿ ಹಿಡಿದರೆ ಕಪ್ಪಿನ ಜೊತೆಗೆ ಕೆಳಗಿನ ಬಿಳಿ ಬೆಳ್ಳಿಯೂ ಸವೆದು ಧೂಳಾಗುತ್ತದೆ. ನೈಟ್ರಿಕ್ ಆಮ್ಲದಲ್ಲಿ ಅದ್ದಿದರೂ ಬೆಳ್ಳಿ ಕರಗಿ ದ್ರವಕ್ಕೆ ಇಳಿಯುತ್ತದೆ. ಹಾಗೆ ಕರಗಿದ ಬೆಳ್ಳಿ ಹಾಳಾಗುವುದೂ ಇಲ್ಲ: ಆ ನೀರಿಗೆ ಒಂದು ಹಿಡಿ ಅಡುಗೆ ಉಪ್ಪು ಹಾಕಿದರೆ ಒಡೆದ ಮೊಸರಿನಂತೆ ಬಿಳಿ ಗಸಿ ಇಳಿಯುತ್ತದೆ. ಅದೇ ಸಿಲ್ವರ್ ಕ್ಲೋರೈಡ್. ಅದರಿಂದ ಬೆಳ್ಳಿಯನ್ನು ಮತ್ತೆ ಪಡೆಯಬಹುದು. ನಿಮ್ಮ ತಟ್ಟೆಗೆ ಇವುಗಳಲ್ಲಿ ಯಾವುದನ್ನು ಮಾಡಿದರು ಎಂದು ಇಲ್ಲಿ ಕೂತು ನಾನು ಹೇಳಲಾರೆ, ಯಾರ ಮೇಲೂ ಆರೋಪ ಹೊರಿಸುವುದೂ ಇಲ್ಲ. ಆದರೆ "ಸತ್ತ ಬೆಳ್ಳಿ" ಎಂಬುದು ರಸಾಯನಶಾಸ್ತ್ರದಲ್ಲಿ ಇಲ್ಲ.

ಇನ್ನು ಎರಡನೇ ಪ್ರಶ್ನೆ. ಕಪ್ಪಾಗುತ್ತದೆ ಎಂದರೆ ಕಲಬೆರಕೆ ಎಂಬ ಅನುಮಾನ ಬಹಳ ಮನೆಗಳಲ್ಲಿದೆ. ಅದು ತಪ್ಪು. 999 ಶುದ್ಧತೆಯ ಬೆಳ್ಳಿಯೂ ಕಪ್ಪಾಗುತ್ತದೆ. ಶುದ್ಧ ಬೆಳ್ಳಿ ಮೆತ್ತಗೆ, ಊಟದ ತಟ್ಟೆ ಮಾಡಿದರೆ ಬೇಗ ಸೊಟ್ಟಗಾಗುತ್ತದೆ. ಅದಕ್ಕೇ ಸ್ವಲ್ಪ ತಾಮ್ರ ಬೆರೆಸುತ್ತಾರೆ. 925 ಎಂಬ ಗುರುತಿದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಮಿಕ್ಕ 75 ಪಾಲು ಸಾಮಾನ್ಯವಾಗಿ ತಾಮ್ರ. ತಾಮ್ರ ಹೆಚ್ಚಿದಷ್ಟೂ ಮೈ ಬೇಗ ಮಸುಕಾಗುತ್ತದೆ ಎಂಬುದು ನಿಜ, ಆದರೆ ಕಪ್ಪಾಗುವ ಗುಣ ಬೆಳ್ಳಿಯದೇ. ಅಂಗಡಿಯಲ್ಲಿ ಜರ್ಮನ್ ಸಿಲ್ವರ್ ಎಂದು ಮಾರುವ ತಟ್ಟೆ, ಅರಿಶಿನ–ಕುಂಕುಮದ ಬಟ್ಟಲುಗಳ ಮಾತು ಬೇರೆ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಹೆಸರಿನಲ್ಲಿ ಬಿಟ್ಟರೆ ಅದರಲ್ಲಿ ಬೆಳ್ಳಿಯ ಚೂರೂ ಇಲ್ಲ.

ಬೆಳ್ಳಿಯ ಸ್ವಭಾವ ವಿಚಿತ್ರ. ಕಬ್ಬಿಣವನ್ನು ತಿಂದುಹಾಕುವ ಆಮ್ಲಜನಕಕ್ಕೆ ಅದು ಸೊಪ್ಪು ಹಾಕುವುದಿಲ್ಲ. ಬೆಳ್ಳಿಯ ಆಕ್ಸೈಡನ್ನು ನಾವೇ ಪ್ರಯೋಗಶಾಲೆಯಲ್ಲಿ ತಯಾರಿಸಿ ಕಾಯಿಸಿದರೆ ಆಮ್ಲಜನಕವನ್ನು ಬಿಟ್ಟುಕೊಟ್ಟು ಮತ್ತೆ ಬೆಳ್ಳಿಯಾಗುತ್ತದೆ. ಕಬ್ಬಿಣದ ತುಕ್ಕನ್ನು ಎಷ್ಟು ಕಾಯಿಸಿದರೂ ಹೀಗೆ ಕಬ್ಬಿಣ ಸಿಗುವುದಿಲ್ಲ. ಆದರೆ ಗಂಧಕ ಕಂಡರೆ ಬೆಳ್ಳಿ ಬಿಡುವುದಿಲ್ಲ. ನೂರು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲು ಹೈಡ್ರೋಜನ್ ಸಲ್ಫೈಡ್ ಇದ್ದರೂ ಹುಡುಕಿಕೊಂಡು ಹಿಡಿಯುತ್ತದೆ. ಕೊಳೆತ ಮೊಟ್ಟೆಯ ನಾತ ಬರುವುದು ಇದೇ ಅನಿಲದಿಂದ. ಭೂಮಿಯೊಳಗೂ ಈ ಜೋಡಿ ಹೀಗೆಯೇ ಇದೆ: ಬೆಳ್ಳಿಯ ಮುಖ್ಯ ಅದಿರುಗಳಲ್ಲೊಂದು ಸಿಲ್ವರ್ ಸಲ್ಫೈಡೇ. ನಮ್ಮ ದೇಶದಲ್ಲೇ ಉತ್ಪಾದನೆಯಾಗುವ ಬೆಳ್ಳಿಯ ಬಹುಪಾಲು ರಾಜಸ್ಥಾನದ ಸೀಸ–ಸತುವಿನ ಗಣಿಗಳಿಂದ ಉಪಉತ್ಪನ್ನವಾಗಿ ಬರುತ್ತದೆ, ಆ ಅದಿರುಗಳೂ ಗಂಧಕ ಸೇರಿದವೇ.

ಈಗ ನಿಮ್ಮ ಬೀರುವಿಗೆ ಬನ್ನಿ. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಬೆರೆಸಿ ಬೇಯಿಸಿರುತ್ತಾರೆ. ರಬ್ಬರ್ ಬ್ಯಾಂಡ್ ಇದ್ದಲ್ಲಿ ಬರೆ ಬಿದ್ದದ್ದು ಅದಕ್ಕೇ. ನ್ಯೂಸ್ ಪೇಪರಿನಲ್ಲೂ ಗಂಧಕದ ಅಂಶ ಇರುತ್ತದೆ. ಉಣ್ಣೆಯಲ್ಲಿ ಇರುತ್ತದೆ, ಹಾಗಾಗಿ ಬೆಳ್ಳಿಯನ್ನು ಶಾಲಿನಲ್ಲಿ ಸುತ್ತಿಡಬಾರದು. ಈರುಳ್ಳಿ, ಬೆಳ್ಳುಳ್ಳಿ, ಸಾಸಿವೆ, ಎಲೆಕೋಸು, ಮೊಟ್ಟೆ ಎಲ್ಲದರಲ್ಲೂ ಗಂಧಕವಿದೆ. ನಾನು ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದ ಸುಲಭದ ಪ್ರಯೋಗ ಇದು: ಆಗಷ್ಟೇ ಬೆಂದ ಮೊಟ್ಟೆಯನ್ನು ಎರಡು ಹೋಳು ಮಾಡಿ, ಹಳದಿಯ ಪಕ್ಕದಲ್ಲಿ ಬೆಳ್ಳಿಯ ನಾಣ್ಯವಿಟ್ಟು ಡಬ್ಬಿ ಮುಚ್ಚಿಬಿಡಿ. ಪಾಠ ಮುಗಿಯುವ ಹೊತ್ತಿಗೆ ನಾಣ್ಯ ತೆಳು ಬಂಗಾರದ ಬಣ್ಣಕ್ಕೆ ತಿರುಗಿರುತ್ತದೆ. ಹಾಗೇ ಬಿಟ್ಟರೆ ಕಂದು, ಆಮೇಲೆ ನೇರಳೆ–ನೀಲಿ, ಕೊನೆಗೆ ಕಪ್ಪು. ಈ ಬಣ್ಣಗಳು ನೀರಿನ ಮೇಲೆ ಬಿದ್ದ ಎಣ್ಣೆಯ ಬಣ್ಣಗಳ ಜಾತಿಯವು. ಪದರ ದಪ್ಪವಾದಂತೆ ಅದರ ಮೇಲಿಂದಲೂ ಕೆಳಗಿಂದಲೂ ಮರಳುವ ಬೆಳಕು ಒಂದರ ಮೇಲೊಂದು ಬಿದ್ದು ಬಣ್ಣ ಬದಲಾಗುತ್ತದೆ. ನಿಮ್ಮ ಮನೆಯ ಬೆಳ್ಳಿ ದೀಪದ ಮೇಲೆ ಬಂಗಾರದ ಛಾಯೆ ಕಂಡರೆ ಅದು ಕಪ್ಪಾಗುವ ಮೊದಲ ಹೆಜ್ಜೆ; ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಅಲ್ಲಿಗೇ ನಿಲ್ಲುತ್ತದೆ.

ಮಗುವಿನ ಉಡಿದಾರ, ಕಾಲುಂಗುರ ಕಪ್ಪಾದರೆ ದೃಷ್ಟಿ ತಾಗಿದೆ, ಮೈಯಲ್ಲಿ ಕಾಯಿಲೆ ಇದೆ ಎಂದು ಗಾಬರಿಯಾಗುವವರಿದ್ದಾರೆ. ದಯವಿಟ್ಟು ಹೆದರಬೇಡಿ. ಬೆವರಿನ ಉಪ್ಪು, ಮೈಯ ಗಂಧಕದ ಅಂಶ, ಸೋಪು, ಗಾಳಿ ಇವೇ ಕಾರಣ. ವಿಷ ಬೆರೆತ ಊಟ ಬೆಳ್ಳಿ ತಟ್ಟೆಯನ್ನು ಕಪ್ಪಾಗಿಸುತ್ತದೆ ಎಂಬ ಹಳೆಯ ನಂಬಿಕೆಯಲ್ಲಿ ಸ್ವಲ್ಪ ಸತ್ಯವಿತ್ತು: ಹಿಂದಿನ ಪಾಷಾಣದಲ್ಲಿ, ಅಂದರೆ ಆರ್ಸೆನಿಕ್ ವಿಷದಲ್ಲಿ, ಗಂಧಕದ ಕಲಬೆರಕೆ ಇರುತ್ತಿತ್ತು. ಶುದ್ಧ ಪಾಷಾಣವಾದರೆ ಬೆಳ್ಳಿಗೆ ಅದರ ಸುಳಿವೂ ಹತ್ತುವುದಿಲ್ಲ. ಬೇಯಿಸಿದ ಮೊಟ್ಟೆ ಮಾತ್ರ ತಪ್ಪದೆ ಸಿಕ್ಕಿಬೀಳುತ್ತದೆ.

ಬಂಗಾರ ಯಾಕೆ ಕಪ್ಪಾಗುವುದಿಲ್ಲ ಎಂದು ಕೇಳಿದ್ದೀರಿ. ಇದಕ್ಕೆ ಉತ್ತರ ಹತ್ತನೇ ತರಗತಿಯ ಮಕ್ಕಳು ಉರು ಹೊಡೆಯುವ ಕ್ರಿಯಾಶೀಲತೆಯ ಸರಣಿಯಲ್ಲಿದೆ. ಲೋಹ ಯಾವುದರ ಜೊತೆ ಸೇರಬೇಕಾದರೂ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಬೇಕು. ಸೋಡಿಯಂ, ಮೆಗ್ನೀಸಿಯಂ ಕೇಳುವ ಮೊದಲೇ ಕೊಟ್ಟುಬಿಡುತ್ತವೆ. ಆಮೇಲೆ ಅಲ್ಯೂಮಿನಿಯಂ, ಸತು, ಕಬ್ಬಿಣ, ತವರ, ಸೀಸ. ತಾಮ್ರ ಜಿಪುಣ, ಬೆಳ್ಳಿ ಇನ್ನೂ ಜಿಪುಣ, ಬಂಗಾರದ ಮುಷ್ಟಿ ಬಿಚ್ಚುವುದೇ ಕಷ್ಟ. ಇದನ್ನು ವೋಲ್ಟಿನಲ್ಲಿ ಅಳೆಯುತ್ತಾರೆ, ಪ್ಲಸ್ ಕಡೆಗೆ ಹೋದಷ್ಟೂ ಜಿಪುಣತನ ಹೆಚ್ಚು: ಅಲ್ಯೂಮಿನಿಯಂ ಮೈನಸ್ 1.66, ಸತು ಮೈನಸ್ 0.76, ಕಬ್ಬಿಣ ಮೈನಸ್ 0.44, ತಾಮ್ರ ಪ್ಲಸ್ 0.34, ಬೆಳ್ಳಿ ಪ್ಲಸ್ 0.80, ಬಂಗಾರ ಪ್ಲಸ್ 1.50. ಗಾಳಿಯ ಗಂಧಕಕ್ಕಾಗಲಿ ಆಮ್ಲಜನಕಕ್ಕಾಗಲಿ ಬಂಗಾರದ ಹಿಡಿತ ಸಡಿಲಿಸುವ ಶಕ್ತಿಯಿಲ್ಲ. ನಿಮ್ಮ 916 ಬಳೆ ಮಂಕಾದರೆ ಅದು ಹೆಚ್ಚಾಗಿ ಸೋಪಿನ ಜಿಡ್ಡು.

ಹಾಗೆಂದು ಬಂಗಾರ ಯಾವುದಕ್ಕೂ ಬಗ್ಗುವುದಿಲ್ಲ ಎಂದಲ್ಲ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಪಕ್ಕದಲ್ಲಿ ಗುಡ್ಡದಂತೆ ನಿಂತಿರುವ ಸೈನೈಡ್ ದಿಬ್ಬಗಳನ್ನು ನೋಡಿದವರಿಗೆ ಇದು ಗೊತ್ತು. ಅದಿರನ್ನು ಹಿಟ್ಟಿನಂತೆ ಅರೆದು, ತೆಳುವಾದ ಸೈನೈಡ್ ದ್ರಾವಣದಲ್ಲಿ ಗಾಳಿಯಾಡಿಸಿದರೆ ಬಂಗಾರ ಸದ್ದಿಲ್ಲದೆ ಕರಗುತ್ತದೆ. ಆಮೇಲೆ ಸತುವಿನ ಪುಡಿ ಹಾಕಿದರೆ ಸತು ಕರಗಿ ಬಂಗಾರ ಕೆಳಗಿಳಿಯುತ್ತದೆ. ಇನ್ನೊಂದು ದಾರಿ ರಾಜದ್ರವ, ಅಂದರೆ ಅಕ್ವಾ ರೀಜಿಯಾ: ಮೂರು ಪಾಲು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಒಂದು ಪಾಲು ನೈಟ್ರಿಕ್ ಆಮ್ಲ. ಮನೆ ಬಾಗಿಲಿಗೆ ಬಂದು "ಒಡವೆ ಪಾಲಿಶ್ ಮಾಡಿಕೊಡುತ್ತೇವೆ" ಎನ್ನುವ ಅಪರಿಚಿತರ ಡಬ್ಬಿಯಲ್ಲಿ ಇದೇ ಇದ್ದರೆ ಸರ ಹೊಳೆಯುತ್ತಲೇ ಹಗುರಾಗುತ್ತದೆ. ಅಂಥವರ ಕೈಗೆ ಒಡವೆ ಕೊಡಲೇಬೇಡಿ.

ಸರಣಿಯಲ್ಲಿ ಮುಂದಿರುವ ಲೋಹ ತನಗಿಂತ ಹಿಂದಿರುವುದನ್ನು ದ್ರಾವಣದಿಂದ ಹೊರಗೆ ತಳ್ಳುತ್ತದೆ. ಇದನ್ನು ಕಣ್ಣಾರೆ ನೋಡಬೇಕು. ಬಣ್ಣವಿಲ್ಲದ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ತಾಮ್ರದ ತಂತಿ ಇಳಿಬಿಟ್ಟರೆ ಐದೇ ನಿಮಿಷದಲ್ಲಿ ತಂತಿಯ ಮೇಲೆ ಬೂದು ಬಣ್ಣದ ನುಣುಪು ಕೂದಲು ಹುಟ್ಟುತ್ತದೆ. ಅರ್ಧ ಗಂಟೆಗೆ ಅದು ಎಲೆ ಬಿಟ್ಟ ಟೊಂಗೆಯಂತೆ ಹರಡಿ ಥಳಥಳಿಸುತ್ತದೆ, ನೀರು ತಿಳಿ ನೀಲಿಯಾಗುತ್ತದೆ. ಹೊರಗೆ ಬಂದದ್ದು ಬೆಳ್ಳಿ, ಒಳಗೆ ಹೋದದ್ದು ತಾಮ್ರ. ಒಂದು ತಾಮ್ರದ ಪರಮಾಣು ಎರಡು ಬೆಳ್ಳಿಯನ್ನು ಹೊರಗಟ್ಟುತ್ತದೆ. ನಾನು ಎಷ್ಟೋ ವರ್ಷ ಇದನ್ನು ಮಾಡಿಸಿದ್ದೇನೆ. ಕೊನೆಯ ಬೆಂಚಿನ ಹುಡುಗರೂ ಆ ಹೊತ್ತು ಮಾತು ನಿಲ್ಲಿಸಿ ನೋಡುತ್ತಿದ್ದರು. ಆ ದ್ರಾವಣ ಬೆರಳಿಗೆ ತಾಗಿದ್ದು ಆಗ ಕಾಣಿಸುವುದಿಲ್ಲ, ಮರುದಿನ ಬೆರಳು ಕಪ್ಪಾಗಿರುತ್ತದೆ. ಮತ ಹಾಕಿದಾಗ ಉಗುರಿಗೆ ಹಚ್ಚುವ ಶಾಯಿಯ ಗುಟ್ಟೂ ಇದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆ 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಈ ಶಾಯಿ ಒದಗಿಸುತ್ತಿದೆ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ, ಬೆಳಕು ಬಿದ್ದೊಡನೆ ಅದರಿಂದ ಬೆಳ್ಳಿಯ ಸೂಕ್ಷ್ಮ ಕಣಗಳು ಹೊರಬಿದ್ದು ಕಪ್ಪಾಗುತ್ತವೆ. ಸೋಪಿಗೆ ಅದು ಜಗ್ಗುವುದಿಲ್ಲ, ಉಗುರು ಬೆಳೆದೇ ಹೋಗಬೇಕು.

ನೀವು ಕೇಳಿರದಿದ್ದರೂ ಕಪ್ಪು ಲೋಹದ ಮೈಯಲ್ಲಿ ಬೆಳ್ಳಿ ಕೂರಿಸುವ ಬೀದರಿನ ಬಿದ್ರಿ ಕಲೆಯ ಮಾತು ಇಲ್ಲಿ ಹೇಳಲೇಬೇಕು. ಲೋಹಗಳ ಈ ಏಣಿಯನ್ನು ಪುಸ್ತಕವಿಲ್ಲದೆ ಅಂಗೈಯಲ್ಲಿ ಅರಿತವರು ಆ ಕುಶಲಕರ್ಮಿಗಳು. ಹೂಜಿಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರು ಸವರುತ್ತಾರೆ. ಸತು ಆ ನೀರಿನ ತಾಮ್ರವನ್ನು ಹೊರಗೆಳೆದು ಮೈಮೇಲೆ ಕಪ್ಪು ಲೇಪವಾಗಿಸುತ್ತದೆ. ಕೆತ್ತುವ ಗೆರೆ ಬೆಳ್ಳಗೆ ಎದ್ದು ಕಾಣಲು ಇಷ್ಟು ಸಾಕು. ಗೆರೆಯೊಳಗೆ ಬೆಳ್ಳಿಯ ತಂತಿ, ತಗಡು ಕೂರಿಸಿ ಬಡಿದು, ಮತ್ತೆ ಉಜ್ಜಿದರೆ ತಾತ್ಕಾಲಿಕ ಕಪ್ಪು ಹೋಗಿ ಎಲ್ಲವೂ ಒಂದೇ ಬಿಳಿ. ಬೆಳ್ಳಿ ಎಲ್ಲಿ, ಸತು ಎಲ್ಲಿ ತಿಳಿಯುವುದಿಲ್ಲ. ಆಗ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ನೀರು ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿ ಉಜ್ಜುತ್ತಾರೆ. ನೋಡನೋಡುತ್ತ ಮೈಯೆಲ್ಲ ಕಾಡಿಗೆ ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮೇಲ್ಮೈಯ ಸತು ಕರಗಿ ಹೊರಟು, ಉಳಿದ ತಾಮ್ರದ ಸಂಯುಕ್ತಗಳು ಕಪ್ಪು ಪದರವಾಗಿ ಕೂರುತ್ತವೆ. ಬೆಳ್ಳಿಯ ಮೇಲೆ ಆ ಮಿಶ್ರಣದ ಆಟ ನಡೆಯುವುದಿಲ್ಲ. ಯಾವ ಪ್ರಯೋಗಶಾಲೆಯ ಪಾಠಕ್ಕೂ ಇದು ಕಡಿಮೆಯಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಿಕ್ಕ ಪಾತ್ರೆಗಳ ಬಗ್ಗೆ ಒಂದೆರಡು ಮಾತು ಸಾಕು. ತಾಮ್ರದ ಕಿಲುಬು ಹುಣಸೆಹಣ್ಣಿನ ಹುಳಿಗೆ ಕರಗುತ್ತದೆ, ಆದರೆ ಬೆಳ್ಳಿಯ ಕಪ್ಪು ಅದಕ್ಕೆ ಜಗ್ಗುವುದಿಲ್ಲ. ಸಿಲ್ವರ್ ಸಲ್ಫೈಡ್ ಅಷ್ಟು ಹಟಮಾರಿ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚು ಕ್ರಿಯಾಶೀಲವಾದರೂ ಹಾಳಾಗದಿರುವುದು ತನ್ನದೇ ಆಕ್ಸೈಡಿನ ಬಿಗಿಯಾದ ತೆಳು ಪೊರೆಯಿಂದ. ಕಬ್ಬಿಣದ ತುಕ್ಕು ಪೊಳ್ಳು, ಉದುರುತ್ತ ಒಳಗಿನದನ್ನೂ ಗಾಳಿಗೆ ಒಡ್ಡುತ್ತದೆ.

ಈಗ ಮನೆಯಲ್ಲಿ ತೊಳೆಯುವ ವಿಧಾನ. ವಿಭೂತಿ, ಹಲ್ಲುಪುಡಿ ಹಾಕಿ ಉಜ್ಜುವುದು ರೂಢಿ. ಅವು ಕಪ್ಪನ್ನು ಕೆರೆದು ತೆಗೆಯುತ್ತವೆ, ಅಂದರೆ ಕಪ್ಪಿನೊಳಗಿದ್ದ ಬೆಳ್ಳಿಯೂ ನೀರಿಗೆ ಹೋಗುತ್ತದೆ. ಒಂದು ಸಲಕ್ಕೆ ಅದು ಏನೂ ಅಲ್ಲ, ಐವತ್ತು ವರ್ಷದ ಹಬ್ಬಗಳಿಗೆ ಕೆತ್ತನೆಯ ಮೂಗು–ಕಣ್ಣು ಸವೆಯುತ್ತದೆ. ಕಪ್ಪನ್ನು ತೆಗೆದು ಬಿಸಾಡುವ ಬದಲು ಅದನ್ನೇ ಮತ್ತೆ ಬೆಳ್ಳಿ ಮಾಡುವ ದಾರಿ ಇದೆ. ಅಗಲವಾದ ಪ್ಲಾಸ್ಟಿಕ್ ಟಬ್ಬು ಅಥವಾ ಸ್ಟೀಲ್ ಪಾತ್ರೆಯ ತಳಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹಾಸಿ. ಜಿಡ್ಡು ಹೋಗುವಂತೆ ಸೋಪಿನಲ್ಲಿ ತೊಳೆದ ತಟ್ಟೆಯನ್ನು ಅದರ ಮೇಲೆ ಇಡಿ, ತಟ್ಟೆ ಫಾಯಿಲ್‌ಗೆ ತಾಗಿರಲೇಬೇಕು. ಪ್ರತಿ ಲೀಟರ್ ನೀರಿಗೆ ಒಂದೊಂದು ದೊಡ್ಡ ಚಮಚ ಅಡುಗೆ ಸೋಡಾ ಮತ್ತು ಉಪ್ಪು ಹಾಕಿ, ಚೆನ್ನಾಗಿ ಬಿಸಿಯಾದ ನೀರನ್ನು ತಟ್ಟೆ ಮುಳುಗುವಷ್ಟು ನಿಧಾನವಾಗಿ ಸುರಿಯಿರಿ. ಸೋಡಾ ಅಲ್ಯೂಮಿನಿಯಂನ ಪೊರೆಯನ್ನು ಬಿಡಿಸುತ್ತದೆ, ಉಪ್ಪುನೀರು ವಿದ್ಯುತ್ ಹರಿಯಲು ದಾರಿ ಕೊಡುತ್ತದೆ, ಅಲ್ಯೂಮಿನಿಯಂ ಎಲೆಕ್ಟ್ರಾನುಗಳನ್ನು ಬೆಳ್ಳಿಗೆ ದಾಟಿಸಿ ಗಂಧಕವನ್ನು ಬಿಡಿಸುತ್ತದೆ. ಕೊಳೆತ ಮೊಟ್ಟೆಯ ಸಣ್ಣ ವಾಸನೆ ಬಂದರೆ ಸರಿಯಾಗಿ ನಡೆಯುತ್ತಿದೆ ಎಂದರ್ಥ, ಕಿಟಕಿ ತೆರೆದಿಡಿ. ಕೆಲವೇ ನಿಮಿಷದಲ್ಲಿ ಕಪ್ಪು ತಿಳಿಯಾಗುತ್ತದೆ. ದಪ್ಪ ಕಪ್ಪಾಗಿದ್ದರೆ ಹೊಸ ನೀರು, ಹೊಸ ಫಾಯಿಲ್ ಹಾಕಿ ಇನ್ನೊಮ್ಮೆ ಮಾಡಿ. ತೆಗೆದು ತೊಳೆದು ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಕನ್ನಡಿಯ ಹೊಳಪು ಬರಲಿಕ್ಕಿಲ್ಲ, ಸ್ವಲ್ಪ ಮಂಜು ಮಂಜಾಗಿರುತ್ತದೆ. ಬಟ್ಟೆಯಲ್ಲಿ ತಿಕ್ಕಿದರೆ ಅದೂ ಸರಿಹೋಗುತ್ತದೆ.

ಎಲ್ಲ ಬೆಳ್ಳಿಗೂ ಇದು ಸಲ್ಲದು. ಕಲ್ಲು, ಮುತ್ತು ಕೂರಿಸಿದ್ದು, ಒಳಗೆ ಅರಗು ತುಂಬಿದ್ದು, ಬಣ್ಣ ಹಚ್ಚಿದ್ದು ಬಿಸಿನೀರಿಗೆ ಕೆಡುತ್ತವೆ. ಕೆತ್ತನೆ ಎದ್ದು ಕಾಣಲೆಂದು ಬೇಕೆಂದೇ ಕಪ್ಪು ಮಾಡಿದ ಒಡವೆಯ ಅಂದವೇ ಹೋಗುತ್ತದೆ. ಬಿದ್ರಿಯನ್ನಂತೂ ಈ ನೀರಿಗೂ ಹುಣಸೆಹಣ್ಣಿಗೂ ತೋರಿಸಬೇಡಿ. ಒಣ ಮೆತ್ತನೆ ಬಟ್ಟೆ ಸಾಕು.

ಮದುವೆ ಮುಗಿದ ಮೇಲೆ ತಟ್ಟೆಯನ್ನು ಪೂರ್ತಿ ಒಣಗಿಸಿ, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಜಿಪ್ ಕವರಿನಲ್ಲಿ ಹಾಕಿ, ತೇವ ಹೀರಲು ಸಿಲಿಕಾ ಜೆಲ್ ಪೊಟ್ಟಣವನ್ನೋ ಎರಡು ಸೀಮೆಸುಣ್ಣದ ಕಡ್ಡಿಯನ್ನೋ ಇಡಿ. ಕವರಿನ ಮೇಲೆ "403 ಗ್ರಾಂ" ಎಂದು ಬರೆದ ಚೀಟಿ ಅಂಟಿಸಿ. ಮುಂದೆ ಯಾವತ್ತಾದರೂ ಅಂಗಡಿಗೆ ಕೊಡಲೇಬೇಕಾಗಿ ಬಂದರೆ ಮೊದಲು ಸೋಪಿನಲ್ಲಿ ತೊಳೆದು ಒಣಗಿಸಿ, ನಿಮ್ಮೆದುರೇ ತೂಗಿಸಿ, ಬಫಿಂಗ್ ಬೇಡ, ಆಸಿಡ್ ಬೇಡ ಎಂದು ಹೇಳಿ, ರಸೀದಿಯಲ್ಲಿ ತೂಕ ಬರೆಸಿಕೊಳ್ಳಿ. ವಾಪಸು ಬಂದಾಗ ಅದೇ ತಕ್ಕಡಿಯಲ್ಲಿ ಅರ್ಧ ಗ್ರಾಮಿಗಿಂತ ಹೆಚ್ಚು ಇಳಿದಿದ್ದರೆ, ಮೇಲೆ ನಾನು ಹಾಕಿದ ಲೆಕ್ಕವನ್ನು ಅವರ ಮುಂದಿಟ್ಟು ಕೇಳಿ.